ಅಮೆರಿಕದಲ್ಲಿ ವೈದ್ಯಕೀಯ ಓದಿಗೆ ಸಿದ್ಧತೆ: ಪದವಿಯನ್ನು ಮೂರೇ ವರ್ಷಕ್ಕೆ ಮುಗಿಸುವುದು ಸರಿಯೇ?

ನ್ಯೂಜೆರ್ಸಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಈ ಆಗಸ್ಟ್ ಕೊನೆಗೆ ಇಲ್ಲಿನ ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ಪದವಿಯ ಮೊದಲ ವರ್ಷಕ್ಕೆ ಸೇರುತ್ತಿದ್ದಾಳೆ. ವೈದ್ಯೆಯಾಗಬೇಕೆಂಬ ಆಸೆ ಅವಳದೇ. ಅಜ್ಜಿಯ ಡಯಾಲಿಸಿಸ್‌ಗೆ ಎರಡು ಬೇಸಿಗೆ ಜೊತೆಗೆ ಹೋಗಿ ಕುಳಿತ ಮೇಲೆ ಹುಟ್ಟಿದ್ದು. ನಾನೂ ನನ್ನ ಪತಿಯೂ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದವರು. ನಮಗೆ ಗೊತ್ತಿರುವ ದಾರಿಯಲ್ಲಿ ಪಿಯುಸಿ ಇದೆ, ಸಿಇಟಿ ಇದೆ, ರ‍್ಯಾಂಕ್ ಇದೆ, ಅದರ ಬಲದ ಮೇಲೆ ಸಿಗುವ ಸೀಟು ಇದೆ. ಇಲ್ಲಿ ನಾಲ್ಕು ವರ್ಷದ ಪದವಿ ಮುಗಿಸಿ, ಆಮೇಲೆ ಮತ್ತೆ ನಾಲ್ಕು ವರ್ಷದ ವೈದ್ಯಕೀಯ ಕಾಲೇಜು, ನಂತರ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ತರಬೇತಿ ಎಂಬುದಷ್ಟೇ ನಮ್ಮ ತಿಳಿವಳಿಕೆ.

ಮಗಳು ಹೈಸ್ಕೂಲಿನಲ್ಲಿ ಕಾಲೇಜು ಮಟ್ಟದ ಆರು ಎಪಿ ಪರೀಕ್ಷೆಗಳನ್ನು ಪಾಸು ಮಾಡಿರುವುದರಿಂದ ಸುಮಾರು ಒಂದು ವರ್ಷದ ಕ್ರೆಡಿಟ್ ಆಗಲೇ ಕೈಯಲ್ಲಿದೆ. ಆದ್ದರಿಂದ ಮೊದಲ ಸೆಮಿಸ್ಟರಿನಲ್ಲೇ ಆರ್ಗ್ಯಾನಿಕ್ ಕೆಮಿಸ್ಟ್ರಿ ತೆಗೆದುಕೊಂಡು ಮೂರೇ ವರ್ಷಕ್ಕೆ ಪದವಿ ಮುಗಿಸಲಿ, ಒಂದು ವರ್ಷದ ಫೀಸೂ ಉಳಿಯುತ್ತದೆ, ವಯಸ್ಸೂ ಉಳಿಯುತ್ತದೆ ಎಂಬುದು ಪತಿಯ ಲೆಕ್ಕ. ಮುಂದಿನ ಬೇಸಿಗೆಯಲ್ಲಿ ದಾವಣಗೆರೆಯಲ್ಲಿರುವ ನನ್ನ ಭಾವನ ನರ್ಸಿಂಗ್ ಹೋಮಿನಲ್ಲಿ ಎರಡು ತಿಂಗಳು ಕಳೆದರೆ ಆಸ್ಪತ್ರೆಯ ಅನುಭವವೂ ಆಗುತ್ತದೆ ಎಂದು ಯೋಚಿಸಿದ್ದೇವೆ. ಈ ಯೋಜನೆಯಲ್ಲಿ ತಪ್ಪಿದ್ದರೆ ಈಗಲೇ ತಿಳಿಸಿ. ಕೋರ್ಸುಗಳ ನೋಂದಣಿಗೆ ಇನ್ನು ಮೂರು ವಾರ ಉಳಿದಿದೆ.

ಒಹಾಯೊದ ವೈದ್ಯ

ನಾನು ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ ಇಲ್ಲಿ ರೆಸಿಡೆನ್ಸಿ ಮಾಡಿದವನು. ಕೆಲವು ವರ್ಷಗಳಿಂದ ವೈದ್ಯಕೀಯ ಕಾಲೇಜೊಂದರ ಪ್ರವೇಶ ಸಂದರ್ಶನಗಳಲ್ಲಿ ಕುಳಿತುಕೊಳ್ಳುತ್ತಿದ್ದೇನೆ. ನಿಮ್ಮ ಪತಿಯವರ ಲೆಕ್ಕವನ್ನು ನಾನೂ ನನ್ನ ಮೊದಲ ಮಗನಿಗೆ ಹಾಕಿದ್ದೆ, ಆದ್ದರಿಂದ ಅದು ಎಲ್ಲಿ ಎಡವುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಮೊದಲು ಕ್ಯಾಲೆಂಡರನ್ನು ನೋಡಿ. ಎಂ.ಡಿ. (ಇಲ್ಲಿ ಅದೇ ಮೂಲ ವೈದ್ಯ ಪದವಿ) ಕೊಡುವ ಹೆಚ್ಚಿನ ಕಾಲೇಜುಗಳಿಗೆ ಅರ್ಜಿ ಹೋಗುವುದು ಆಮ್ಕಾಸ್ ಎಂಬ ಒಂದೇ ಕೇಂದ್ರದ ಮೂಲಕ. ಅದು ಮೇ ಆರಂಭದಲ್ಲಿ ತೆರೆಯುತ್ತದೆ, ಮೇ ಕೊನೆಯ ಹೊತ್ತಿಗೆ ಅರ್ಜಿ ಸಲ್ಲಿಸಬಹುದು, ಜೂನ್ ಕೊನೆಯಲ್ಲಿ ಅರ್ಜಿಗಳು ಕಾಲೇಜುಗಳನ್ನು ತಲುಪತೊಡಗುತ್ತವೆ. ಆಮೇಲೆ ಪ್ರತಿ ಕಾಲೇಜಿನಿಂದಲೂ ಸೆಕೆಂಡರಿ ಎಂಬ ಪ್ರಬಂಧಗಳ ಕಂತೆ ಬರುತ್ತದೆ, ಶರತ್ಕಾಲದಿಂದ ಚಳಿಗಾಲದವರೆಗೆ ಸಂದರ್ಶನಗಳು ನಡೆಯುತ್ತವೆ, ತರಗತಿಗಳು ಶುರುವಾಗುವುದು ಅದರ ಮುಂದಿನ ವರ್ಷದ ಬೇಸಿಗೆಯ ಕೊನೆಗೆ. ಅಂದರೆ ಅರ್ಜಿಗೂ ಪ್ರವೇಶಕ್ಕೂ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಸಮಯವಿದೆ. ನಾಲ್ಕು ವರ್ಷದ ಪದವಿ ಮುಗಿದ ಕೂಡಲೇ ಸೇರಬೇಕೆಂದರೆ ಮೂರನೆಯ ವರ್ಷದ ಕೊನೆಗೇ ಅರ್ಜಿ ಹಾಕಬೇಕು. ಮೂರು ವರ್ಷಕ್ಕೆ ಮುಗಿಸಿ ಸೇರಬೇಕೆಂದರೆ ಎರಡನೆಯ ವರ್ಷದ ಕೊನೆಗೆ. ಹಾಗಾದಾಗ ಆಯ್ಕೆ ಸಮಿತಿಯ ಮುಂದೆ ನಿಮ್ಮ ಮಗಳ ಎರಡೇ ವರ್ಷದ ದಾಖಲೆ ಇರುತ್ತದೆ. ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಆ ದಾಖಲೆಯನ್ನು, ಇಪ್ಪತ್ನಾಲ್ಕು ವಯಸ್ಸಿನ, ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿದು ಬಂದ ಅಭ್ಯರ್ಥಿಯ ದಾಖಲೆಯ ಪಕ್ಕದಲ್ಲಿಟ್ಟು ಓದುತ್ತಾರೆ. ಈಗ ವೈದ್ಯಕೀಯ ಕಾಲೇಜು ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ಬಳಿಕ ಕನಿಷ್ಠ ಒಂದು ವರ್ಷ ಬಿಟ್ಟು ಬಂದವರು.

ಎರಡನೆಯದು ಅಂಕಗಳ ವಿಚಾರ. ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ, ಸುಮಾರು 23 ಸಾವಿರ ಜನ ಸೇರುತ್ತಾರೆ. ಸೇರಿದವರ ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ, 3.8ರ ಆಸುಪಾಸಿನಲ್ಲಿರುತ್ತದೆ. ಆಮ್ಕಾಸ್ ಈ ಜಿಪಿಎಯನ್ನು ತಾನೇ ಹೊಸದಾಗಿ ಲೆಕ್ಕ ಹಾಕುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಇವುಗಳದ್ದನ್ನು ಬೇರೆಯಾಗಿಯೂ ತೋರಿಸುತ್ತದೆ. ಒಂದು ಕೋರ್ಸಿನಲ್ಲಿ ಸಿ ಬಂದು, ಮತ್ತೆ ಓದಿ ಎ ಪಡೆದರೆ ನಿಮ್ಮ ವಿಶ್ವವಿದ್ಯಾಲಯ ಹಳೆಯದನ್ನು ಅಳಿಸಬಹುದು, ಆಮ್ಕಾಸ್ ಅಳಿಸುವುದಿಲ್ಲ. ಎರಡನ್ನೂ ಸೇರಿಸಿಯೇ ಲೆಕ್ಕ ಹಾಕುತ್ತದೆ. ಹೈಸ್ಕೂಲಿನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ಯಾವುದಾದರೂ ಕೋರ್ಸ್ ಮಾಡಿದ್ದರೆ ಅದರ ಗ್ರೇಡೂ ಇದರಲ್ಲಿ ಸೇರುತ್ತದೆ. ಎಷ್ಟೋ ಮನೆಗಳಲ್ಲಿ ಇದು ಅರ್ಜಿ ತುಂಬುವ ರಾತ್ರಿ ಗೊತ್ತಾಗುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಮೊದಲ ವರ್ಷದ 30 ಕ್ರೆಡಿಟ್‌ಗಳಲ್ಲಿ 3.0 ಬಂದು, ಆಮೇಲೆ ಹುಡುಗಿ ಸುಧಾರಿಸಿಕೊಂಡು 3.9ರಂತೆ ಓದಿದಳೆಂದುಕೊಳ್ಳಿ. ಮೂರು ವರ್ಷದ ಕೊನೆಗೆ 3.6 ಆಗುತ್ತದೆ, ನಾಲ್ಕು ವರ್ಷ ಮುಗಿಸಿ ಅರ್ಜಿ ಹಾಕಿದರೂ 3.68ರ ಒಳಗೇ ನಿಲ್ಲುತ್ತದೆ. ಮೊದಲ ವರ್ಷದ ಗಾಯ ಮಾಯಲು ಮೂರು ವರ್ಷ ಹಿಡಿಯುತ್ತದೆ. ನನ್ನ ಮಗನ ವಿಷಯದಲ್ಲಿ ಆ ಗಾಯವನ್ನು ಮಾಡಿದವನು ನಾನು. ಎಪಿ ಕ್ರೆಡಿಟ್ ಇದೆಯೆಂದು ಜನರಲ್ ಕೆಮಿಸ್ಟ್ರಿಯನ್ನು ಬಿಡಿಸಿ, ಹದಿನೆಂಟರ ಹುಡುಗನನ್ನು ಇಪ್ಪತ್ತರವರ ನಡುವೆ ಆರ್ಗ್ಯಾನಿಕ್ ತರಗತಿಗೆ ಕೂರಿಸಿದೆ. ಅವನಿಗೆ ಬಂದದ್ದು ಸಿ ಪ್ಲಸ್.

ಇಲಿನಾಯ್‌ನ ರಸಾಯನಶಾಸ್ತ್ರ ಅಧ್ಯಾಪಕಿ

ನಾನು ಆರ್ಗ್ಯಾನಿಕ್ ಕೆಮಿಸ್ಟ್ರಿ ಕಲಿಸುವವಳಾದ್ದರಿಂದ ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ಈ ವಿಷಯದಲ್ಲಿ ಎಡವುವ ಮಕ್ಕಳು ದಡ್ಡರಲ್ಲ. ಅವರು ಹೈಸ್ಕೂಲಿನಲ್ಲಿ ನೆನಪಿನ ಶಕ್ತಿಯಿಂದ ಗೆದ್ದವರು. ಇಲ್ಲಿಯೂ ನೂರಿನ್ನೂರು ರಾಸಾಯನಿಕ ಕ್ರಿಯೆಗಳನ್ನು ಕಾರ್ಡುಗಳಲ್ಲಿ ಬರೆದು ಉರುಹೊಡೆಯುತ್ತಾರೆ. ಪರೀಕ್ಷೆಯಲ್ಲಿ ಎಂದೂ ನೋಡದ ಒಂದು ಅಣುವನ್ನು ಕೊಟ್ಟಾಗ ಕೈ ನಿಂತುಹೋಗುತ್ತದೆ. ಎಲೆಕ್ಟ್ರಾನುಗಳು ಎಲ್ಲಿ ಹೆಚ್ಚಾಗಿವೆ, ಎಲ್ಲಿ ಕೊರತೆಯಿದೆ, ಯಾವುದು ಯಾವುದರ ಕಡೆಗೆ ಹರಿಯಬಹುದು ಎಂದು ಬಾಣದ ಗುರುತು ಹಾಕುತ್ತಾ ಯೋಚಿಸುವ ಅಭ್ಯಾಸ ಮೊದಲ ನಾಲ್ಕು ವಾರದಲ್ಲಿ ಕೂಡಿಬರಬೇಕು. ಆಮ್ಲ, ಪ್ರತ್ಯಾಮ್ಲ, ಅನುರಣನ ಇವುಗಳ ಬುನಾದಿ ಗಟ್ಟಿಯಾಗಿದ್ದವರಿಗೆ ಅದು ಕೂಡಿಬರುತ್ತದೆ. ಆ ಬುನಾದಿ ಬೀಳುವುದು ಜನರಲ್ ಕೆಮಿಸ್ಟ್ರಿಯಲ್ಲಿ.

ಇನ್ನೊಂದು ಪ್ರಾಯೋಗಿಕ ಕಾರಣವೂ ಇದೆ. ಎಪಿ ಕ್ರೆಡಿಟ್ಟನ್ನು ಎಲ್ಲ ವೈದ್ಯಕೀಯ ಕಾಲೇಜುಗಳೂ ಒಂದೇ ರೀತಿ ಒಪ್ಪುವುದಿಲ್ಲ. ಕೆಲವು ಪೂರ್ತಿ ಒಪ್ಪುತ್ತವೆ, ಕೆಲವು ಅದೇ ವಿಷಯದಲ್ಲಿ ಮೇಲಿನ ಹಂತದ ಕೋರ್ಸೊಂದನ್ನು ಮಾಡಿರಬೇಕೆನ್ನುತ್ತವೆ, ಕೆಲವು ಒಪ್ಪುವುದೇ ಇಲ್ಲ. ಸಾಮಾನ್ಯವಾಗಿ ಕೇಳುವುದು ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಇವುಗಳಲ್ಲಿ ಒಂದೊಂದು ವರ್ಷ, ಲ್ಯಾಬ್ ಸಹಿತ. ಒಂದು ಸೆಮಿಸ್ಟರ್ ಬಯೋಕೆಮಿಸ್ಟ್ರಿ. ಜೊತೆಗೆ ಇಂಗ್ಲಿಷ್ ಬರವಣಿಗೆ, ಹಲವೆಡೆ ಸ್ಟ್ಯಾಟಿಸ್ಟಿಕ್ಸ್. ಇವುಗಳ ಹೊರಗೆ ಮೇಜರ್ ಏನೇ ಇರಬಹುದು. ಇತಿಹಾಸ, ಸಂಗೀತ, ತತ್ತ್ವಶಾಸ್ತ್ರ ಓದಿದವರು ಬಯಾಲಜಿ ಓದಿದವರಿಗಿಂತ ಕಡಿಮೆ ಪ್ರಮಾಣದಲ್ಲೇನೂ ಆಯ್ಕೆಯಾಗುತ್ತಿಲ್ಲ. ‘ಪ್ರೀಮೆಡ್’ ಎಂಬುದು ಒಂದು ಪದವಿಯ ಹೆಸರಲ್ಲ, ಒಂದು ಉದ್ದೇಶದ ಹೆಸರು. ನಮ್ಮವರಲ್ಲಿ ಇದನ್ನು ನಂಬುವವರು ಕಡಿಮೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ತಂದೆ

ಎಲ್ಲರೂ ಮಕ್ಕಳು ಇಲ್ಲಿನ ಪೌರರೆಂದು ಊಹಿಸಿಕೊಂಡು ಬರೆಯುತ್ತಿದ್ದೀರಿ. ಬೆಂಗಳೂರಿನಿಂದ ಎರಡು ಮೂರು ವರ್ಷದ ಮಗುವನ್ನು ಎತ್ತಿಕೊಂಡು ಬಂದ ನನ್ನಂಥವರ ಕಥೆಯೂ ಇಲ್ಲಿರಲಿ. ನಾನು ಎಚ್-1ಬಿ ಉದ್ಯೋಗ ವೀಸಾದಲ್ಲಿ, ಮಗ ಅವಲಂಬಿತರ ಎಚ್-4 ವೀಸಾದಲ್ಲಿ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದವೆಂಬುದು ಎಲ್ಲರಿಗೂ ಗೊತ್ತು. ನಮ್ಮ ಸರದಿ ಬರುವ ಮೊದಲೇ ಮಗನಿಗೆ 21 ತುಂಬುತ್ತದೆ. ಆಗ ಅವನು ನಮ್ಮ ಅವಲಂಬಿತನಾಗಿ ಉಳಿಯುವುದಿಲ್ಲ, ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಪೌರರಲ್ಲದ, ಗ್ರೀನ್ ಕಾರ್ಡ್ ಇಲ್ಲದ ಅಭ್ಯರ್ಥಿಗಳನ್ನು ತೆಗೆದುಕೊಳ್ಳುವ ಎಂ.ಡಿ. ಕಾಲೇಜುಗಳು ಕೆಲವೇ, ಹೆಚ್ಚಿನ ರಾಜ್ಯ ಕಾಲೇಜುಗಳು ಅರ್ಜಿಯನ್ನೇ ಪರಿಗಣಿಸುವುದಿಲ್ಲ. ತೆಗೆದುಕೊಳ್ಳುವ ಕೆಲವು ಕಾಲೇಜುಗಳೂ ಹಲವು ವರ್ಷದ ಶುಲ್ಕವನ್ನು ಮುಂಗಡವಾಗಿ ಠೇವಣಿ ಇಡಲು ಕೇಳುತ್ತವೆ. ಫೆಡರಲ್ ಸಾಲ ಇಂಥ ಮಕ್ಕಳಿಗೆ ಸಿಗುವುದಿಲ್ಲ.

ಎಚ್-4 ಮಕ್ಕಳ ತಂದೆತಾಯಿಗಳು ಇನ್ನೊಂದು ಸಂಗತಿಯನ್ನು ಮೊದಲ ವರ್ಷದಲ್ಲೇ ತಿಳಿದಿರಬೇಕು. ಈ ಮಕ್ಕಳು ಸಂಬಳದ ಕೆಲಸ ಮಾಡುವಂತಿಲ್ಲ. ಸ್ನೇಹಿತರೆಲ್ಲ ಆಸ್ಪತ್ರೆಯಲ್ಲಿ ವೈದ್ಯರ ಟಿಪ್ಪಣಿ ಬರೆಯುವ ಸ್ಕ್ರೈಬ್ ಕೆಲಸಕ್ಕೋ, ಆಂಬುಲೆನ್ಸಿನ ಇಎಂಟಿ ಕೆಲಸಕ್ಕೋ ಸೇರುವಾಗ ನನ್ನ ಮಗನಿಗೆ ಆ ಬಾಗಿಲು ಮುಚ್ಚಿತ್ತು. ಸಂಶೋಧನಾ ಲ್ಯಾಬಿನಲ್ಲಿ ಬೇಸಿಗೆಯ ವೇತನ ಕೊಡುತ್ತೇವೆಂದು ಕರೆದಾಗಲೂ ಬೇಡವೆನ್ನಬೇಕಾಯಿತು. ಅವನು ಎರಡೂವರೆ ವರ್ಷ ಹಾಸ್ಪಿಸ್ ಒಂದರಲ್ಲಿ ಸ್ವಯಂಸೇವಕನಾಗಿ, ಸಾಯುವ ಹಂತದಲ್ಲಿರುವವರ ಪಕ್ಕ ಕುಳಿತು ಪತ್ರಿಕೆ ಓದಿ ಹೇಳುವ ಕೆಲಸ ಮಾಡಿದ. ಯಾವ ಕಾಲೇಜು ಯಾರನ್ನು ತೆಗೆದುಕೊಳ್ಳುತ್ತದೆಂಬುದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವಾದ ಎಎಎಂಸಿಯ ಎಂ.ಎಸ್.ಎ.ಆರ್. ಎಂಬ ಮಾಹಿತಿಕೋಶದಲ್ಲಿದೆ, ಮೊದಲು ಅದನ್ನು ನೋಡಿ, ಆಮೇಲೆ ಪದವಿ ಕಾಲೇಜು ಆರಿಸಿ ಎಂದು ನಮಗೆ ಯಾರೂ ಹೇಳಲಿಲ್ಲ.

ನ್ಯೂಜೆರ್ಸಿಯ ತಾಯಿ

ನಮ್ಮ ಮಗಳು ಹುಟ್ಟಿದ್ದು ಇಲ್ಲಿಯೇ, ಆ ಚಿಂತೆ ನಮಗಿಲ್ಲದಿರುವುದು ನಮ್ಮ ಪುಣ್ಯವೆಂದು ಇದನ್ನು ಓದಿದಾಗ ಅನ್ನಿಸಿತು. ನಿಮ್ಮ ಮಗನಿಗೆ ದಾರಿ ತೆರೆಯಲಿ. ಎಲ್ಲವನ್ನೂ ಪತಿಗೆ ಓದಿ ಹೇಳಿದೆ. ಅವರ ಪ್ರಶ್ನೆ ಎರಡು. ವೈದ್ಯಕೀಯ ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ ಪರೀಕ್ಷೆಯಲ್ಲಿ ಬಹಳ ಒಳ್ಳೆಯ ಅಂಕ ಬಂದರೆ ಉಳಿದ ಕೊರತೆಗಳೆಲ್ಲ ಮುಚ್ಚಿಹೋಗುವುದಿಲ್ಲವೇ? ದಾವಣಗೆರೆಯ ಯೋಜನೆಯ ಬಗ್ಗೆ ಯಾರೂ ಏಕೆ ಏನನ್ನೂ ಹೇಳಿಲ್ಲ?

ಟೆಕ್ಸಸ್‌ನ ವೈದ್ಯಕೀಯ ವಿದ್ಯಾರ್ಥಿನಿ

ನಾನು ಇಲ್ಲಿಯೇ ಬೆಳೆದವಳು, ಕನ್ನಡ ಬರೆಯಲು ಅಮ್ಮನ ಸಹಾಯ ಪಡೆದಿದ್ದೇನೆ. ಈಗ ಎರಡನೆಯ ವರ್ಷದಲ್ಲಿದ್ದೇನೆ.

ಎಂಕ್ಯಾಟ್ ನಾಲ್ಕು ಭಾಗಗಳ ಪರೀಕ್ಷೆ. ಪ್ರತಿ ಭಾಗಕ್ಕೆ 118ರಿಂದ 132, ಒಟ್ಟು 472ರಿಂದ 528. ವಿರಾಮಗಳೂ ಸೇರಿ ಏಳೂವರೆ ಗಂಟೆ ಹಿಡಿಯುತ್ತದೆ. ಎಂ.ಡಿ. ಕಾಲೇಜು ಸೇರುವವರ ಸರಾಸರಿ 511, 512ರ ಆಸುಪಾಸಿನಲ್ಲಿದೆ. ಮೂರು ಭಾಗಗಳು ವಿಜ್ಞಾನದವು. ಅವುಗಳಲ್ಲಿ ಒಂದು ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಕ್ಕೆ ಸೇರಿದ್ದು, ಅದನ್ನು 2015ರಲ್ಲಿ ಸೇರಿಸಿದರು. ನಮ್ಮಂಥ ಮನೆಗಳ ಮಕ್ಕಳನ್ನು ಕಾಡುವುದು ನಾಲ್ಕನೆಯದು, ಕಾರ್ಸ್ ಎನ್ನುವ ಓದಿನ ಭಾಗ. ಕಲೆ, ನ್ಯಾಯ, ಇತಿಹಾಸ, ಸಮಾಜ ಕುರಿತ ದಟ್ಟವಾದ ಗದ್ಯ ಕೊಟ್ಟು, ಲೇಖಕ ಏನನ್ನು ಒಪ್ಪುತ್ತಾನೆ, ಏನನ್ನು ಹೇಳದೆ ಬಿಟ್ಟಿದ್ದಾನೆ ಎಂದು ಕೇಳುತ್ತಾರೆ. 90 ನಿಮಿಷದಲ್ಲಿ 53 ಪ್ರಶ್ನೆ. ಇದಕ್ಕೆ ಕೋಚಿಂಗ್ ಇಲ್ಲವೆಂದೇ ಹೇಳಬೇಕು, ವರ್ಷಗಟ್ಟಲೆ ಓದುವ ಅಭ್ಯಾಸವೊಂದೇ ದಾರಿ. ನಾನು ಪದವಿಯಲ್ಲಿ ಪ್ರತಿ ಸೆಮಿಸ್ಟರ್ ಒಂದು ಸಾಹಿತ್ಯದ ಅಥವಾ ತತ್ತ್ವಶಾಸ್ತ್ರದ ಕೋರ್ಸ್ ಮಾಡಿದ್ದು ಈ ಪರೀಕ್ಷೆಗೆಂದಲ್ಲ, ಆದರೆ ಅದೇ ಕೈಹಿಡಿಯಿತು.

ಒಳ್ಳೆಯ ಅಂಕ ಕೊರತೆಯನ್ನು ಮುಚ್ಚುತ್ತದೆಯೇ ಎಂದರೆ, ಜಿಪಿಎಯ ಸಣ್ಣ ಕೊರತೆಯನ್ನು ಸ್ವಲ್ಪ ಮುಚ್ಚುತ್ತದೆ, ರೋಗಿಗಳ ಜೊತೆ ಕಳೆಯದ ಸಮಯವನ್ನು ಮುಚ್ಚುವುದಿಲ್ಲ. ಸಿದ್ಧವಾಗದೆ ಒಮ್ಮೆ ಬರೆದು ನೋಡೋಣ ಎಂಬ ಪ್ರಯೋಗ ದಯವಿಟ್ಟು ಬೇಡ. ಬರೆದ ಎಲ್ಲ ಅಂಕಗಳೂ ಕಾಲೇಜುಗಳಿಗೆ ಕಾಣುತ್ತವೆ, ವರ್ಷಕ್ಕೆ ಮೂರು, ಇಡೀ ಜೀವನದಲ್ಲಿ ಏಳು ಬಾರಿ ಮಾತ್ರ ಬರೆಯಬಹುದು. ಬಯೋಕೆಮಿಸ್ಟ್ರಿ ಮುಗಿಸಿದ ಮೇಲೆ, ಮೂರು ತಿಂಗಳಾದರೂ ಬಿಡುವಾಗಿಟ್ಟುಕೊಂಡು, ಎಎಎಂಸಿಯ ಅಧಿಕೃತ ಮಾದರಿ ಪರೀಕ್ಷೆಗಳಲ್ಲಿ ಬೇಕಾದ ಅಂಕ ಬರತೊಡಗಿದಾಗ ಬರೆಯುವುದು ಒಳ್ಳೆಯದು.

ದಾವಣಗೆರೆಯ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿದೆ. ನಾನೂ ಹೋಗಿದ್ದೆ, ಬೇರೊಂದು ಊರಿಗೆ. ಮಾವ ಪ್ರೀತಿಯಿಂದ ಶಸ್ತ್ರಚಿಕಿತ್ಸಾ ಕೋಣೆಗೆ ಕರೆದುಕೊಂಡು ಹೋದರು; ಒಬ್ಬ ಕೂಲಿಕಾರನ ಕೈಗೆ ಹೊಲಿಗೆ ಹಾಕು ಎಂದು ಸೂಜಿಯನ್ನು ನನಗೆ ಕೊಟ್ಟರು. ನನಗೆ ಆಗ ಹತ್ತೊಂಬತ್ತು ವರ್ಷ. ನಾನು ಹಾಕಿದೆ. ಟೆಕ್ಸಸ್‌ನ ಯಾವ ಆಸ್ಪತ್ರೆಯಲ್ಲೂ ನನ್ನನ್ನು ಯಾರ ಚರ್ಮದ ಹತ್ತಿರವೂ ಬಿಡುತ್ತಿರಲಿಲ್ಲ. ಆ ಮನುಷ್ಯನ ಕೈ ಬೇರೆಯವರ ಕೈಗಿಂತ ಅಗ್ಗವೆಂದು ನಾನು ಒಪ್ಪಿಕೊಂಡಂತೆ ಆಯಿತಲ್ಲ ಎಂಬ ನಾಚಿಕೆ ಇವತ್ತಿಗೂ ಇದೆ. ತರಬೇತಿ ಇಲ್ಲದ ವಿದ್ಯಾರ್ಥಿಗಳು ಹೊರದೇಶಗಳಲ್ಲಿ ಇಂಥ ಕೆಲಸ ಮಾಡಬಾರದೆಂದು ಎಎಎಂಸಿಯೇ ಮಾರ್ಗಸೂಚಿ ಕೊಟ್ಟಿದೆ, ಅರ್ಜಿಯಲ್ಲಿ ಹೆಮ್ಮೆಯಿಂದ ಬರೆದುಕೊಂಡರೆ ಅದು ಅಭ್ಯರ್ಥಿಗೇ ತಿರುಗಿಬೀಳುತ್ತದೆ. ಹೋಗಲಿ, ಅಜ್ಜಿಯ ಊರನ್ನು ನೋಡಲಿ, ಹೊರರೋಗಿ ವಿಭಾಗದಲ್ಲಿ ಒಂದು ಮೂಲೆಯಲ್ಲಿ ಕುಳಿತು ಜನ ತಮ್ಮ ನೋವನ್ನು ಕನ್ನಡದಲ್ಲಿ ಹೇಗೆ ಹೇಳಿಕೊಳ್ಳುತ್ತಾರೆಂದು ಕೇಳಲಿ. ಕೈ ಮುಟ್ಟಿಸುವುದು ಬೇಡ. ಮುಖ್ಯವಾದ ಅನುಭವ ತಾನಿರುವ ಊರಿನಲ್ಲೇ, ಒಂದೇ ಕಡೆ, ದೀರ್ಘಕಾಲ ಆಗಬೇಕು. ಆಮ್ಕಾಸ್ ಅರ್ಜಿಯಲ್ಲಿ 15 ಚಟುವಟಿಕೆಗಳಿಗೆ ಜಾಗವಿದೆ, ಅವುಗಳಲ್ಲಿ ಮೂರನ್ನು ಮಾತ್ರ ವಿವರವಾಗಿ ಬರೆಯಲು ಬಿಡುತ್ತಾರೆ. ಹದಿನೈದನ್ನೂ ತುಂಬಲು ಓಡುವವರ ಅರ್ಜಿಯಲ್ಲಿ ಆ ಮೂರು ಟೊಳ್ಳಾಗಿರುತ್ತವೆ.

ಮಿಶಿಗನ್‌ನ ತಾಯಿ

ನನ್ನ ಮಗ ಮೊದಲ ಸಲ 22 ಕಾಲೇಜುಗಳಿಗೆ ಅರ್ಜಿ ಹಾಕಿ ಒಂದರಿಂದಲೂ ಸಂದರ್ಶನಕ್ಕೆ ಕರೆ ಬರದೆ ಉಳಿದವನು. ಆ ಚಳಿಗಾಲವನ್ನು ನಾನು ಮರೆತಿಲ್ಲ. ಪ್ರತಿದಿನ ಬೆಳಿಗ್ಗೆ ಇಮೇಲ್ ನೋಡುವ ಅವನ ಮುಖವನ್ನು ಅಡುಗೆಮನೆಯಿಂದ ನಾನು ನೋಡುತ್ತಿದ್ದೆ, ಇವತ್ತು ಏನಾದರೂ ಬಂತೇ ಎಂದು ಕೇಳುವ ಧೈರ್ಯವಾಗುತ್ತಿರಲಿಲ್ಲ. ಆಮೇಲೆ ಸಲಹೆಗಾರರು ಅರ್ಜಿಯನ್ನು ಓದಿ ಹೇಳಿದ್ದು ಇಷ್ಟು: ಅಂಕಗಳು ಸಾಕು, ಆದರೆ ಅರ್ಜಿ ಸೆಪ್ಟೆಂಬರಿನಲ್ಲಿ ಹೋಗಿದೆ, ಪ್ರಬಂಧದಲ್ಲಿ ಹುಡುಗ ಕಾಣುವುದಿಲ್ಲ, ಅವನ ಪ್ರಶಸ್ತಿಗಳು ಕಾಣುತ್ತವೆ. ಇಲ್ಲಿನ ಹೆಚ್ಚಿನ ಕಾಲೇಜುಗಳಲ್ಲಿ ಬಂದ ಅರ್ಜಿಗಳನ್ನು ಬಂದಂತೆ ನೋಡಿ ಕರೆಯುತ್ತಾ ಹೋಗುತ್ತಾರೆ. ಕೊನೆಯ ದಿನಾಂಕ ನವೆಂಬರ್ ಎಂದಿದ್ದರೂ ಜೂನಿನಲ್ಲಿ ಕಳುಹಿಸಿದವನಿಗೂ ಸೆಪ್ಟೆಂಬರಿನಲ್ಲಿ ಕಳುಹಿಸಿದವನಿಗೂ ಉಳಿದಿರುವ ಜಾಗ ಒಂದೇ ಅಲ್ಲ. ಪ್ರಬಂಧಕ್ಕೆ ಇರುವುದು 5,300 ಅಕ್ಷರಗಳು, ಖಾಲಿ ಜಾಗವೂ ಸೇರಿ. ಅದನ್ನು ಬರೆಯಲು ಮೂರು ತಿಂಗಳು ಬೇಕು.

ಅವನು ಎರಡು ವರ್ಷ ಒಂದು ಚಿಕಿತ್ಸಾಲಯದಲ್ಲಿ ಮೆಡಿಕಲ್ ಅಸಿಸ್ಟೆಂಟ್ ಆಗಿ ರಕ್ತದೊತ್ತಡ ನೋಡುವ, ರಕ್ತ ತೆಗೆಯುವ, ಔಷಧಿಯ ಪಟ್ಟಿ ಕೇಳಿ ಬರೆಯುವ ಕೆಲಸ ಮಾಡಿದ. ಎರಡನೆಯ ಸಲ ಡಿ.ಓ. (ಆಸ್ಟಿಯೋಪಥಿ) ಕಾಲೇಜುಗಳಿಗೂ ಅರ್ಜಿ ಹಾಕಿದ, ಅಲ್ಲಿಯೇ ಸೇರಿದ. ನಮ್ಮ ಬಳಗದಲ್ಲಿ “ಅದೇನು, ಹೋಮಿಯೋಪಥಿಯೇ?” ಎಂದು ಕೇಳಿದವರಿದ್ದಾರೆ. ಅಲ್ಲ. ಆಸ್ಟಿಯೋಪಥಿ ಕಾಲೇಜುಗಳ ಪರಂಪರೆ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶುರುವಾದದ್ದು. ಇವತ್ತು ಡಿ.ಓ. ವೈದ್ಯರು ಐವತ್ತೂ ರಾಜ್ಯಗಳಲ್ಲಿ ಔಷಧಿ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ, 2020ರಿಂದ ಎಂ.ಡಿ., ಡಿ.ಓ. ಇಬ್ಬರಿಗೂ ರೆಸಿಡೆನ್ಸಿಯ ಮಾನ್ಯತೆ ಒಂದೇ ವ್ಯವಸ್ಥೆಯಡಿ ಬಂದಿದೆ. ಕೆಲವು ಸ್ಪರ್ಧಾತ್ಮಕ ವಿಭಾಗಗಳಲ್ಲಿ ಎಂ.ಡಿ.ಗಳಿಗೆ ಇನ್ನೂ ಅನುಕೂಲ ಹೆಚ್ಚು ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಳಗದವರ ಮಾತಿಗೆ ಹೆದರಿ ಮೊದಲ ಸಲವೇ ಆ ಅರ್ಜಿಯನ್ನು ಹಾಕಲು ನಾನು ಬಿಡಲಿಲ್ಲ, ಅದಕ್ಕೆ ಅವನ ಹತ್ತಿರ ಕ್ಷಮೆ ಕೇಳಿದ್ದೇನೆ.

ಮೈಸೂರಿನ ವೈದ್ಯೆ

ಇಷ್ಟೆಲ್ಲ ಕಷ್ಟವೇಕೆ, ಮಗಳನ್ನು ಇಲ್ಲಿಗೇ ಕಳುಹಿಸಿ ಎನ್ನುವ ಬಂಧುಗಳು ನಿಮಗೂ ಇರುತ್ತಾರೆ. ನೀಟ್ ಬರೆಯಬೇಕು, 2021ರ ಅಧಿಸೂಚನೆಯ ನಂತರ ಒಸಿಐ (ಭಾರತ ಮೂಲದ ವಿದೇಶಿ ಪೌರರ) ಕಾರ್ಡ್ ಪಡೆದವರಿಗೆ ಎನ್‌ಆರ್‌ಐ ಸೀಟುಗಳಷ್ಟೇ ಲಭ್ಯ, ಐದೂವರೆ ವರ್ಷ ಓದಿ ಮರಳಿ ಹೋದರೆ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಪಾಸಾಗಿ, ವಿದೇಶದಲ್ಲಿ ಓದಿದವರ ಸಾಲಿನಲ್ಲಿ ನಿಂತು ರೆಸಿಡೆನ್ಸಿ ಹುಡುಕಬೇಕು. ಇಲ್ಲಿಯೇ ಬದುಕುವ ಮನಸ್ಸಿದ್ದರೆ ಬರಲಿ, ಅಡ್ಡದಾರಿಯೆಂದು ತಿಳಿದು ಬರುವುದು ಬೇಡ.

ಒಹಾಯೊದ ವೈದ್ಯ

ಹಣದ ಬಗ್ಗೆ ಒಂದು ಮಾತು ಸೇರಿಸಬೇಕು, ಏಕೆಂದರೆ ಮೂರು ವರ್ಷದ ಯೋಜನೆ ಹುಟ್ಟಿದ್ದು ಉಳಿತಾಯದ ಯೋಚನೆಯಿಂದ. ಪದವಿಯ ಒಂದು ವರ್ಷದ ಉಳಿತಾಯಕ್ಕಿಂತ ದೊಡ್ಡ ಲೆಕ್ಕ ಮುಂದಿದೆ. ವೈದ್ಯಕೀಯ ವಿದ್ಯಾರ್ಥಿಗಳು ಪೂರ್ತಿ ಖರ್ಚಿನವರೆಗೂ ಪಡೆಯಬಹುದಾಗಿದ್ದ ಗ್ರ್ಯಾಡ್ ಪ್ಲಸ್ ಸಾಲವನ್ನು 2025ರ ಕಾನೂನು ಹೊಸಬರಿಗೆ 2026ರ ಜುಲೈ 1ರಿಂದ ನಿಲ್ಲಿಸಿದೆ. ಇನ್ನು ಮುಂದೆ ಫೆಡರಲ್ ಸಾಲಕ್ಕೆ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಅನೇಕ ಕಾಲೇಜುಗಳ ನಾಲ್ಕು ವರ್ಷದ ಖರ್ಚು ಇದನ್ನು ಮೀರುತ್ತದೆ. ಆದ್ದರಿಂದ ತಮ್ಮ ರಾಜ್ಯದ ಕಾಲೇಜುಗಳಿಗೆ ಅರ್ಹರಾಗಿರುವುದು ಈಗ ಇನ್ನೂ ಮುಖ್ಯ. ಟೆಕ್ಸಸ್‌ನಂಥ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಹೊರರಾಜ್ಯದವರಿಗೆ ಶೇ. 10ಕ್ಕಿಂತ ಹೆಚ್ಚು ಜಾಗ ಕೊಡುವಂತಿಲ್ಲವೆಂಬ ಮಿತಿಯೇ ಇದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯ 2018ರಿಂದ, ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜು 2024ರಿಂದ ಬೋಧನಾ ಶುಲ್ಕವನ್ನೇ ತೆಗೆದುಹಾಕಿವೆ. ಆದರೆ ಅವುಗಳನ್ನು ನಂಬಿ ಯಾರೂ ಮನೆಯ ಬಜೆಟ್ ಹಾಕಬಾರದು. ಎಪಿ ಕ್ರೆಡಿಟ್ಟನ್ನು ಬೇರೆ ರೀತಿಯಲ್ಲಿ ಬಳಸಿ: ಪದವಿಯನ್ನು ಮೊಟಕು ಮಾಡಲು ಅಲ್ಲ, ಪ್ರತಿ ಸೆಮಿಸ್ಟರಿನ ಹೊರೆಯನ್ನು ಹಗುರ ಮಾಡಿ ವಾರಕ್ಕೆ ಒಂದು ಮಧ್ಯಾಹ್ನವನ್ನು ರೋಗಿಗಳಿಗಾಗಿ ಬಿಡಲು.

ನನ್ನ ಮಗನ ಬಗ್ಗೆ ಒಬ್ಬರು ಪ್ರತ್ಯೇಕವಾಗಿ ಕೇಳಿದ್ದಾರೆ. ಅವನು ವೈದ್ಯನಾಗಲಿಲ್ಲ. ಸಾರ್ವಜನಿಕ ಆರೋಗ್ಯ ಓದಿ ಕೌಂಟಿಯ ಆರೋಗ್ಯ ಇಲಾಖೆಯಲ್ಲಿದ್ದಾನೆ, ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆಯೆಂದು ಪರೀಕ್ಷಿಸುವ ಕಾರ್ಯಕ್ರಮ ನಡೆಸುತ್ತಾನೆ. ಅವನಿಗೆ ಆ ಕೆಲಸ ಇಷ್ಟ. ಆದರೂ ಆ ಮೊದಲ ಸೆಮಿಸ್ಟರ್ ಬೇರೆಯಾಗಿದ್ದರೆ ಆಯ್ಕೆ ಅವನದೇ ಆಗಿರುತ್ತಿತ್ತು, ನನ್ನ ಅವಸರದ್ದಾಗುತ್ತಿರಲಿಲ್ಲ.

ನ್ಯೂಜೆರ್ಸಿಯ ತಾಯಿ

ನಿನ್ನೆ ರಾತ್ರಿ ಮೂವರೂ ಕುಳಿತು ಇದನ್ನೆಲ್ಲ ಮೊದಲಿನಿಂದ ಓದಿದೆವು. ಟೆಕ್ಸಸ್‌ನ ವಿದ್ಯಾರ್ಥಿನಿಯ ಮಾತು ಬಂದಾಗ ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಅಜ್ಜಿಯ ಡಯಾಲಿಸಿಸ್ ಕೋಣೆಯಲ್ಲಿ ಸೂಜಿ ಚುಚ್ಚುವಾಗ ಪ್ರತಿ ಸಲವೂ ಆ ನರ್ಸ್ ಮೊದಲು ಅನುಮತಿ ಕೇಳುತ್ತಿದ್ದರೆಂದು ಹೇಳಿದಳು. ಒಹಾಯೊದವರ ಕೊನೆಯ ಸಾಲನ್ನು ಪತಿ ಎರಡು ಸಲ ಓದಿದರು, ಏನನ್ನೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಊಟದ ಮೇಜಿನ ಮೇಲೆ ಅವರ ಮೂರು ವರ್ಷದ ಕೋಷ್ಟಕದ ಹಿಂಬದಿಯಲ್ಲಿ ನಾಲ್ಕು ವರ್ಷದ ಹೊಸ ಕೋಷ್ಟಕವಿತ್ತು, ಕೊನೆಯಲ್ಲಿ ಐದನೆಯ ವರ್ಷಕ್ಕೂ ಒಂದು ಖಾಲಿ ಅಂಕಣ.

ಮೊದಲ ಸೆಮಿಸ್ಟರಿಗೆ ಜನರಲ್ ಕೆಮಿಸ್ಟ್ರಿ, ಲ್ಯಾಬ್, ಸ್ಟ್ಯಾಟಿಸ್ಟಿಕ್ಸ್, ಬರವಣಿಗೆಯ ಕೋರ್ಸ್, ಮತ್ತು ಅವಳೇ ಆರಿಸಿಕೊಂಡ ದಕ್ಷಿಣ ಏಷ್ಯಾದ ಇತಿಹಾಸ ಎಂದು ನೋಂದಣಿಯಾಗಿದೆ. ಕಾಲೇಜಿನ ಹತ್ತಿರದ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಗುರುವಾರ ಮಧ್ಯಾಹ್ನದ ಸ್ವಯಂಸೇವೆಗೆ ಅರ್ಜಿ ಕೊಟ್ಟಿದ್ದಾಳೆ. ಸೇರುವ ಮೊದಲು ಟಿಬಿ ಪರೀಕ್ಷೆ ಆಗಬೇಕಂತೆ; ಸೋಮವಾರ ಅವಳಪ್ಪ ಕರೆದುಕೊಂಡು ಹೋಗುತ್ತಾರೆ.